ಕಂಬ ಅವರದ್ದು, ದೀಪ ಇವರದ್ದು, ರಸ್ತೆ ಯಾರದ್ದು?

ನಮ್ಮ ಬೀದಿಯ ಕೊನೆಯ ಕಂಬದ ದೀಪ ಹೋಗಿ ಬಹಳ ದಿನ ಆಯ್ತು. ಮೊದಲು ಕರೆಂಟಿನವರನ್ನು ಕೇಳಿದೆವು. ಲೈನ್‌ಮನ್ ಬಂದು ನೋಡಿ, ‘ಕಂಬ ನಮ್ದು ಅಣ್ಣಾ, ದೀಪ ನಮ್ದಲ್ಲ’ ಅಂದರು. ಅದು ನಿಜವೇ. ಕಂಬ, ತಂತಿ ವಿದ್ಯುತ್ ಕಂಪನಿಯದ್ದು. ಬೀದಿ ದೀಪ ನೋಡಿಕೊಳ್ಳಬೇಕಾದದ್ದು ಸ್ಥಳೀಯ ಸಂಸ್ಥೆ. ಆ ಸಂಸ್ಥೆಯ ಕಚೇರಿಗೆ ಹೋದೆವು. ಅಲ್ಲಿ ಬಡಾವಣೆಯ ಹೆಸರು ಕೇಳಿದರು, ಒಂದು ದಪ್ಪ ರಿಜಿಸ್ಟರ್ ತೆಗೆದು ಹುಡುಕಿದರು. ‘ಇದು ನಮಗಿನ್ನೂ ಹ್ಯಾಂಡೋವರ್ ಆಗಿಲ್ಲ’ ಅಂದರು. ಲೇಔಟ್ ಮಾಡಿದವರಿಗೆ ಫೋನ್ ಹಚ್ಚಿದರೆ, ‘ನಮ್ಮ ಕೆಲಸ ಎಲ್ಲಾ ಮುಗಿದಿದೆ, ಸೈಟೂ ಮಾರಿ ಆಗಿದೆ’ ಅಂತ ಉತ್ತರ ಬಂತು.

ಒಂದು ದೀಪಕ್ಕೆ ಮೂರು ಕಡೆ ಅಲೆದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ದೀಪದ ಚಿಂತೆ ಅಲ್ಲ. ಹಾಗಾದರೆ ದೀಪದ ಕೆಳಗಿನ ರಸ್ತೆ ಯಾರದ್ದು ಅನ್ನುವ ಪ್ರಶ್ನೆ.

ಬಳ್ಳಾರಿಯ ಹೊಸಪೇಟೆ ರಸ್ತೆ, ಸಿರುಗುಪ್ಪ ರಸ್ತೆ, ಮೋಕಾ ರಸ್ತೆ, ಯಾವ ಕಡೆ ಹೋದರೂ ಊರು ಮುಗಿಯಿತು ಅನ್ನುವಷ್ಟರಲ್ಲಿ ಒಂದು ಹೊಸ ಬಡಾವಣೆ ಎದುರಾಗುತ್ತದೆ. ಮುಂದೆ ಒಂದು ಕಮಾನು, ಬಣ್ಣದ ಬೋರ್ಡು, ನಂಬರ್ ಬರೆದ ಕಲ್ಲುಗಳು. ಒಳಗೆ ಹೋದರೆ ಮೂರು ಮನೆ, ಆಮೇಲೆ ಜಾಲಿ ಪೊದೆ, ಆಮೇಲೆ ಮತ್ತೆರಡು ಮನೆ. ಅಲ್ಲಿರುವವರನ್ನು ಮಾತಾಡಿಸಿ ನೋಡಿ. ದೂರುಗಳು ಎಲ್ಲಾ ಕಡೆ ಒಂದೇ ಥರ. ನೀರು ಯಾವಾಗ ಬರುತ್ತೋ ಗೊತ್ತಿಲ್ಲ. ಚರಂಡಿ ಇದೆ, ಆದರೆ ಅದು ಎಲ್ಲಿಗೂ ಹೋಗಿ ಸೇರುವುದಿಲ್ಲ. ರಸ್ತೆ ಬಿರುಕು, ಗೋಡೆ ಬಿರುಕು. ರಾತ್ರಿ ಕತ್ತಲು. ಮಳೆ ಬಂದರೆ ಶಾಲೆ ಆಟೋದವರು ಮಕ್ಕಳನ್ನು ಕ್ರಾಸ್‌ನಲ್ಲೇ ಇಳಿಸಿ ಹೋಗುತ್ತಾರೆ.

ಇವು ಬೇರೆ ಬೇರೆ ತೊಂದರೆ ಅಂದುಕೊಂಡು ನಾವು ಬೇರೆ ಬೇರೆ ಅರ್ಜಿ ಬರೆಯುತ್ತೇವೆ. ನೀರಿಗೆ ಒಂದು, ದೀಪಕ್ಕೆ ಒಂದು, ಹಂದಿ ಕಾಟಕ್ಕೆ ಇನ್ನೊಂದು. ಆದರೆ ಇವೆಲ್ಲದರ ಬೇರು ಒಂದೇ ಅಂತ ನನಗೆ ಅನ್ನಿಸುತ್ತದೆ. ಸೈಟು ಮಾರಾಟ ಆದ ದಿನಕ್ಕೂ, ಬಡಾವಣೆ ಸ್ಥಳೀಯ ಸಂಸ್ಥೆಯ ಕೈಗೆ ಬರುವ ದಿನಕ್ಕೂ ನಡುವೆ ಯಾರ ಲೆಕ್ಕಕ್ಕೂ ಬಾರದ ಒಂದಷ್ಟು ವರ್ಷಗಳಿವೆ. ನಾವು ಮನೆ ಕಟ್ಟಿ, ಮಕ್ಕಳನ್ನು ಬೆಳೆಸುತ್ತಿರುವುದು ಆ ವರ್ಷಗಳಲ್ಲೇ.

ಊರು ಇಷ್ಟು ಬೇಗ ಹರಡಿದ್ದು ಹೇಗೆ ಅನ್ನುವುದು ಇಲ್ಲಿನವರಿಗೆ ಗೊತ್ತಿರುವ ಕಥೆ. 2000ದ ದಶಕದಲ್ಲಿ ಚೀನಾದಿಂದ ಕಬ್ಬಿಣದ ಅದಿರಿಗೆ ವಿಪರೀತ ಬೇಡಿಕೆ ಬಂತು. ಅದಿರಿನ ದುಡ್ಡು ಲಾರಿಗೆ ಹೋಯಿತು, ಲಾಡ್ಜಿಗೆ ಹೋಯಿತು, ಉಳಿದದ್ದು ಭೂಮಿಗೆ ಬಂತು. 2004ರಲ್ಲಿ ಊರಿಗೆ ಮಹಾನಗರ ಪಾಲಿಕೆ ಬಂತು. 2011ರ ಜನಗಣತಿ ಹೊತ್ತಿಗೆ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. ಅದೇ ವರ್ಷ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ ಸಲ್ಲಿಕೆ ಆಯಿತು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗಣಿ ನಿಂತರೂ ಊರು ಬೆಳೆಯುವುದು ನಿಲ್ಲಲಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಜೀನ್ಸ್ ಹೊಲಿಯುವ ಘಟಕಗಳು, ಮೆಡಿಕಲ್ ಕಾಲೇಜು, ವಿಶ್ವವಿದ್ಯಾಲಯ, ಇವೆಲ್ಲಾ ಜನರನ್ನು ಎಳೆಯುತ್ತಲೇ ಇದ್ದವು. ಸುತ್ತಲಿನ ಹಳ್ಳಿಯವರು ಮಕ್ಕಳ ಓದಿಗೆಂದು ಇಲ್ಲಿಗೆ ಬಂದರು. ಬ್ರೂಸ್‌ಪೇಟೆಯಲ್ಲೋ ಕೌಲ್ ಬಜಾರಿನಲ್ಲೋ ಜಾಗ ಎಲ್ಲಿದೆ? ಹತ್ತಿ, ಜೋಳ ಬೆಳೆಯುತ್ತಿದ್ದ ಹೊಲಗಳೇ ಸೈಟಾದವು.

ಬಳ್ಳಾರಿ ಕಡೆ ಈಗಲೂ ಭೂಮಿಯ ಲೆಕ್ಕ ಗುಂಟೆಯಲ್ಲಿ ಇಲ್ಲ, ಸೆಂಟ್ಸ್‌ನಲ್ಲಿದೆ. 1953ರ ಅಕ್ಟೋಬರ್ 1ರ ತನಕ ನಾವು ಮದ್ರಾಸ್ ಆಡಳಿತದಲ್ಲಿದ್ದದ್ದರ ಗುರುತು ಅದು. ನೂರು ಸೆಂಟ್ಸ್‌ಗೆ ಒಂದು ಎಕರೆ. 30×40ರ ಸೈಟು ಅಂದರೆ ಎರಡು ಮುಕ್ಕಾಲು ಸೆಂಟ್ಸ್. ಆ ಎರಡು ಮುಕ್ಕಾಲು ಸೆಂಟ್ಸ್‌ಗೆ ಒಬ್ಬ ಮೇಷ್ಟ್ರು, ಒಬ್ಬ ಬಸ್ ಕಂಡಕ್ಟರ್, ಒಬ್ಬ ಟೈಲರ್ ಇಡೀ ಜೀವನದ ಉಳಿತಾಯ ಹಾಕಿರುತ್ತಾರೆ. ಬ್ಯಾಂಕ್ ಸಾಲ 15, 20 ವರ್ಷ ನಡೆಯುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಕಾಗದಪತ್ರದ ದಾರಿಯನ್ನು ಓದಬೇಕು.

ಹೊಲ ಬಡಾವಣೆ ಆಗುವ ದಾರಿ ಹೀಗಿದೆ. ಮೊದಲು ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಿಸಬೇಕು. 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿ ಕೊಡುವ ಅನುಮತಿ ಇದು. ನಮ್ಮ ಕಡೆ ಎಲ್ಲರೂ ‘ಎನ್‌ಎ ಆಗಿದೆ’ ಅನ್ನುವುದು ಇದಕ್ಕೇ. ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುತ್ತದೆ. ಅದರಲ್ಲಿ ರಸ್ತೆ, ಪಾರ್ಕ್, ಸಾರ್ವಜನಿಕ ಬಳಕೆಯ ಜಾಗ ಇಷ್ಟಿಷ್ಟು ಅಂತ ಬಿಡಬೇಕು. ಆ ಜಾಗವನ್ನು ಮಾಲೀಕರು ಹಕ್ಕು ಬಿಟ್ಟು ಬರೆದುಕೊಡಬೇಕು. ರಸ್ತೆ, ಚರಂಡಿ, ನೀರಿನ ಪೈಪು, ಕರೆಂಟು, ಇವೆಲ್ಲವನ್ನೂ ಲೇಔಟ್ ಮಾಡುವವರೇ ತಮ್ಮ ಖರ್ಚಿನಲ್ಲಿ ಮಾಡಬೇಕು. ಕೆಲಸ ಮುಗಿದಷ್ಟೂ ಪ್ರಾಧಿಕಾರ ಸೈಟುಗಳನ್ನು ಹಂತ ಹಂತವಾಗಿ ಮಾರಾಟಕ್ಕೆ ಬಿಡಬೇಕು. ಎಲ್ಲಾ ಮುಗಿದ ಮೇಲೆ ಬಡಾವಣೆ ಪಾಲಿಕೆಗೋ ನಗರಸಭೆಗೋ ಪಂಚಾಯ್ತಿಗೋ ಹಸ್ತಾಂತರ ಆಗಬೇಕು. ಅವತ್ತಿನಿಂದ ಗುಂಡಿ ಬಿದ್ದರೆ ಮುಚ್ಚುವ ಹೊಣೆ ಅವರದ್ದು.

ಹಂತ ಹಂತವಾಗಿ ಅನ್ನುವ ಮಾತು ಇಲ್ಲಿ ಬಹಳ ಮುಖ್ಯ. ಕೆಲಸ ಮುಗಿಸದಿದ್ದರೆ ಉಳಿದ ಸೈಟು ಸಿಗುವುದಿಲ್ಲ ಅನ್ನುವ ಭಯ ಒಂದೇ ಇಲ್ಲಿ ಹಿಡಿತ. ಆ ಹಿಡಿತ ಇರುವ ತನಕ ಚರಂಡಿ ಮುಂದುವರಿಯುತ್ತದೆ. ಕೆಲಸ ಅರ್ಧ ಇದ್ದಾಗಲೇ ಎಲ್ಲಾ ಸೈಟು ಬಿಡುಗಡೆ ಆದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಮಾಡಿದವರಿಗೆ ಬರಬೇಕಾದ ದುಡ್ಡು ಬಂದಿದೆ. ಇನ್ನು ಚರಂಡಿ ಮುಗಿಸಿದರೆ ಅದು ಅವರಿಗೆ ಬರೀ ಖರ್ಚು. ಸ್ಥಳೀಯ ಸಂಸ್ಥೆ ಕಡೆಯಿಂದ ನೋಡಿದರೆ, ಅರ್ಧ ಬಿಟ್ಟ ಕೆಲಸವನ್ನು ತಲೆ ಮೇಲೆ ಹಾಕಿಕೊಂಡರೆ ಉಳಿದ ಖರ್ಚು ಊರಿನ ತೆರಿಗೆದಾರರ ಮೇಲೆ ಬೀಳುತ್ತದೆ. ಹಾಗಾಗಿ ಅವರು ಕೈ ಚಾಚುವುದಿಲ್ಲ. ಇಬ್ಬರ ವಾದದಲ್ಲೂ ಒಂದು ಲೆಕ್ಕ ಇದೆ. ಮನೆ ಕಟ್ಟಿಕೊಂಡವರು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ.

ಇದು ಒಪ್ಪಿಗೆ ಪಡೆದ ಬಡಾವಣೆಯ ಪಾಡು. ಎನ್‌ಎ ಮಾತ್ರ ಆಗಿ ನಕ್ಷೆಗೆ ಒಪ್ಪಿಗೆ ಇಲ್ಲದ ಜಾಗ, ಅದೂ ಇಲ್ಲದ ರೆವೆನ್ಯೂ ಸೈಟು, ಬರೀ ಬಾಂಡ್ ಪೇಪರ್ ಮೇಲೆ ಕೈ ಬದಲಾದ ತುಂಡು, ಇವೂ ಎಲ್ಲಾ ಊರಿನ ಸುತ್ತ ಇವೆ. ಅಲ್ಲಿ ರಸ್ತೆ ಅನ್ನುವುದೇ ಪಕ್ಕದವರು ಬಿಟ್ಟರೆ ಉಂಟು. ಬಡವರು ಹೆಚ್ಚಾಗಿ ಇರುವುದು ಅಲ್ಲೇ.

ಈಗ ಮಣ್ಣಿಗೆ ಬರೋಣ. ಈ ವಿಷಯ ನಮ್ಮ ಸೀಮೆಯಲ್ಲಿ ಬಹಳ ದೊಡ್ಡದು, ಆದರೆ ಬೆಂಗಳೂರಿನಲ್ಲಿ ಕೂತು ನಿಯಮ ಬರೆಯುವವರಿಗೆ ಸುಲಭಕ್ಕೆ ಹೊಳೆಯುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಬಹಳಷ್ಟು ಹೊಲ ಎರೆಭೂಮಿ, ಅಂದರೆ ಕಪ್ಪು ಮಣ್ಣು. ಎರೆ ಮಣ್ಣಿನ ಜೇಡಿಗೆ ಒಂದು ಗುಣ ಇದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದನ್ನು ಇಲ್ಲಿ ಬೆಳೆದ ಎಲ್ಲರೂ ನೋಡಿದ್ದೇವೆ, ಅಲ್ವಾ? ಹತ್ತಿಗೆ, ಜೋಳಕ್ಕೆ ಆ ಗುಣವೇ ವರ. ಮಳೆ ನಿಂತ ಮೇಲೂ ತೇವ ಹಿಡಿದಿಟ್ಟುಕೊಂಡು ಬೆಳೆ ಕಾಯುತ್ತದೆ. ಅದೇ ಮಣ್ಣಿನ ಮೇಲೆ ಗೋಡೆ ನಿಲ್ಲಿಸಿದರೆ ವರ್ಷಕ್ಕೊಮ್ಮೆ ಅದು ಗೋಡೆಯನ್ನು ಮೇಲೆತ್ತಿ ಕೆಳಗಿಳಿಸುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಏಳುವ ಬಿರುಕು ಬರುವುದು ಹೀಗೆ. ಮೇಸ್ತ್ರಿಯನ್ನು ಬೈದು ಪ್ರಯೋಜನ ಇಲ್ಲ, ಬುನಾದಿಗೆ ದುಡ್ಡು ಉಳಿಸಿದ್ದರೆ ಅದರ ಫಲ ಅದು.

ಮನೆಗೆ ಆಗುವುದೇ ರಸ್ತೆಗೂ ಆಗುತ್ತದೆ. ಎರೆ ಮಣ್ಣನ್ನು ಒಂದಷ್ಟು ಆಳ ತೆಗೆದು, ಮರಂ ತುಂಬಿಸಿ, ನೀರು ಹಾಕಿ ರೋಲರ್ ಹೊಡೆದು ಗಟ್ಟಿ ಮಾಡಿದ ಮೇಲೆ ರಸ್ತೆ ಹಾಕಬೇಕು. ಅಕ್ಕಪಕ್ಕ ಚರಂಡಿ ಮೊದಲು ಆಗಬೇಕು, ಯಾಕೆಂದರೆ ರಸ್ತೆಯ ಬುಡಕ್ಕೆ ನೀರು ಇಳಿಯಬಾರದು. ಇದೆಲ್ಲಾ ಮಣ್ಣಿನ ಕೆಳಗೆ ಹೋಗುವ ಖರ್ಚು, ಸೈಟು ನೋಡಲು ಬಂದವರ ಕಣ್ಣಿಗೆ ಬೀಳುವುದಿಲ್ಲ. ಕಾಣುವುದು ಮೇಲಿನ ಕಪ್ಪು ಡಾಂಬರು ಮಾತ್ರ. ಸೈಟು ಮಾರುವ ದಿನ ರಸ್ತೆ ಕನ್ನಡಿ ಥರ ಇರುತ್ತದೆ. ಎರಡು ಮಳೆಗಾಲ ಕಳೆದರೆ ಅಲೆ ಅಲೆಯಾಗಿ ಉಬ್ಬುತ್ತದೆ. ಹಸ್ತಾಂತರದ ತಪಾಸಣೆಗೆ ಯಾರಾದರೂ ಬರುವ ಹೊತ್ತಿಗೆ ಅದು ರಸ್ತೆ ಥರ ಉಳಿದಿರುವುದಿಲ್ಲ, ಹಸ್ತಾಂತರ ಮತ್ತೆ ಮುಂದಕ್ಕೆ ಹೋಗುತ್ತದೆ. ತಡ ಆದಷ್ಟೂ ರಸ್ತೆ ಹಾಳು, ರಸ್ತೆ ಹಾಳಾದಷ್ಟೂ ಹಸ್ತಾಂತರ ತಡ.

ಮನೆಯ ಹೊಲಸು ನೀರಿನ ಕಥೆಯೂ ಮಣ್ಣಿನದ್ದೇ. ಒಳಚರಂಡಿ ಬರದ ಬಡಾವಣೆಯಲ್ಲಿ ಪ್ರತಿ ಮನೆಗೂ ಒಂದು ಪಿಟ್. ಕೆಂಪು ಮಣ್ಣಿನ ಊರಲ್ಲಿ ಪಿಟ್ಟಿನ ನೀರು ನಿಧಾನಕ್ಕೆ ಇಂಗುತ್ತದೆ. ಎರೆ ಮಣ್ಣು ಒಮ್ಮೆ ನೆನೆದು ಉಬ್ಬಿತು ಅಂದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಪಿಟ್ ತುಂಬಿ ಬರುತ್ತದೆ. ಸಕ್ಕಿಂಗ್ ಗಾಡಿ ಕರೆಸಬೇಕು, ಅದಕ್ಕೆ ದುಡ್ಡು ಕೊಡಬೇಕು. ಆಗದವರು ಒಂದು ಪೈಪ್ ಹಾಕಿ ಚರಂಡಿಗೆ ಬಿಡುತ್ತಾರೆ. ಆ ಚರಂಡಿ ಬಡಾವಣೆಯ ಕೊನೆಯಲ್ಲಿ ಯಾರದ್ದೋ ಖಾಲಿ ಸೈಟಿಗೆ ಹೋಗಿ ನಿಲ್ಲುತ್ತದೆ. ಸೊಳ್ಳೆ ಹುಟ್ಟುವುದು ಅಲ್ಲೇ. ಅಕ್ಕಪಕ್ಕದವರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ. ಇದು ನೆರೆಹೊರೆಯವರ ಕೆಟ್ಟತನ ಅಂತ ನನಗೆ ಅನ್ನಿಸುವುದಿಲ್ಲ. ಆ ನೀರಿಗೆ ಹೋಗಲು ಬೇರೆ ದಾರಿಯನ್ನೇ ಯಾರೂ ಮಾಡಿಲ್ಲ.

ಮಳೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಹತ್ತು ಎಕರೆ ಬಡಾವಣೆ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು 20 ಲಕ್ಷ ಲೀಟರ್ ನೀರು. ಬಳ್ಳಾರಿಯಲ್ಲಿ ವರ್ಷಕ್ಕೆ ಬೀಳುವ ಮಳೆಯೇ ಕಡಿಮೆ, ಆದರೆ ಬಂದರೆ ಒಂದೇ ರಾತ್ರಿಗೆ ಸುರಿದು ಹೋಗುತ್ತದೆ. ಹೊಲ ಇದ್ದಾಗ ಬಿರುಕು ಬಿಟ್ಟ ಎರೆ ಮೊದಲ ಮಳೆಯನ್ನು ಗಟಗಟ ಕುಡಿಯುತ್ತಿತ್ತು. ಬದು ಒಂದಷ್ಟು ತಡೆಯುತ್ತಿತ್ತು. ಉಳಿದದ್ದು ಹಳ್ಳಕ್ಕೆ ಹೋಗುತ್ತಿತ್ತು. ಈಗ ಬದು ಇಲ್ಲ. ಮನೆ, ಕಾಂಪೌಂಡು, ಸಿಮೆಂಟ್ ಅಂಗಳ ಬಂದಿವೆ. ಹಳ್ಳ ಎಷ್ಟೋ ಕಡೆ ನಕ್ಷೆಯಲ್ಲೇ ಸಪೂರ ಆಗಿದೆ.

ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ಅಜ್ಜ ಇದ್ದಾರೆ. ಈ ಕಡೆಯ ಹೊಲಗಳಲ್ಲಿ ಮೊದಲು ಕೂಲಿ ಮಾಡಿದವರು. ಒಂದು ಮಳೆ ಮಾರನೇ ದಿನ ನಾಲ್ಕನೇ ಕ್ರಾಸ್‌ನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನಾನು ಚರಂಡಿ ಕಟ್ಟಿದವರ ಬಗ್ಗೆ ಏನೋ ಅಂದೆ. ಅವರು, ‘ಇಲ್ಲಿ ಹಳ್ಳ ಇತ್ತು ತಮ್ಮಾ, ಎತ್ತು ದಾಟ್ತಿರ್ಲಿಲ್ಲ. ನೀವು ಮುಚ್ಚಿದ್ರಿ. ಅದ್ಕೇನ್ ಗೊತ್ತು, ಅದು ತನ್ ದಾರೀಲೇ ಬರುತ್ತೆ’ ಅಂದರು. ಎಂಜಿನಿಯರ್ ಒಬ್ಬರು ಹೇಳಬೇಕಾದ ಮಾತನ್ನು ಅವರು ಹೇಳಿದ್ದರು.

ಇದಕ್ಕೆ ಉಪಾಯ ಅಂತ ಅಲ್ಲಲ್ಲಿ ರಸ್ತೆಯನ್ನೇ ಎತ್ತರಿಸುತ್ತಾರೆ. ಚುನಾವಣೆ ಹತ್ತಿರ ಬಂದಾಗ ಹಳೆ ರಸ್ತೆ ಅಗೆಯದೆ ಅದರ ಮೇಲೇ ಇನ್ನೊಂದು ಪದರ ಬೀಳುತ್ತದೆ. ರಸ್ತೆ ಒಣಗಿರುತ್ತದೆ, ನೀರು ಮನೆಯೊಳಗೆ ಬರುತ್ತದೆ. ಹತ್ತು ವರ್ಷದ ಹಿಂದೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕಾದ ಬೀದಿಗಳನ್ನು ನಾನು ನೋಡಿದ್ದೇನೆ.

ಇನ್ನು ಕುಡಿಯುವ ನೀರು. ಬಳ್ಳಾರಿಗೆ ನೀರು ಬರುವುದು ತುಂಗಭದ್ರಾ ಕಾಲುವೆಗಳಿಂದ. ಕಾಲುವೆ ವರ್ಷಪೂರ್ತಿ ಹರಿಯುವುದಿಲ್ಲ. ಹರಿಯುವಾಗ ಅಲ್ಲೀಪುರ, ಮೋಕಾ ಕೆರೆಗಳಲ್ಲಿ ತುಂಬಿಸಿಟ್ಟುಕೊಂಡು, ನಿಂತ ಮೇಲೆ ಅದನ್ನೇ ಹಂಚಬೇಕು. ಜಲಾಶಯದ್ದೇ ಕಷ್ಟ ಬೇರೆ ಇದೆ. ಕಟ್ಟಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದ್ದು ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟಿತ್ತು. ರೈತರು ಬೆಳೆಗೆ ಹೆದರಿದರು, ನಮ್ಮಂಥವರು ಬೇಸಿಗೆಗೆ ಹೆದರಿದರು.

ಆದರೆ ಹೊಸ ಬಡಾವಣೆಯ ನೀರಿನ ಕಷ್ಟಕ್ಕೆ ಡ್ಯಾಂ ಒಂದನ್ನೇ ತೋರಿಸುವುದು ಸರಿಯಲ್ಲ. ಡ್ಯಾಂ ತುಂಬಿದ ವರ್ಷವೂ ನಲ್ಲಿಗೆ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ. ಬಂದರೂ ಊರಿನ ಒಳಗಿನ ಪೈಪು ದಾಟಿ, ಕೊನೆಯ ಬಡಾವಣೆ ಮುಟ್ಟುವ ಹೊತ್ತಿಗೆ ಒತ್ತಡ ಸತ್ತಿರುತ್ತದೆ. ಹಸ್ತಾಂತರ ಆಗದ ಕಡೆ ಮುಖ್ಯ ಪೈಪಿಗೆ ಜೋಡಣೆಯೇ ಇರುವುದಿಲ್ಲ, ಬೋರ್‌ವೆಲ್ ಒಂದೇ ಗತಿ. ನಮ್ಮ ಕಡೆ ಬೋರಿನ ನೀರು ಗಡುಸು, ಎಷ್ಟೋ ಕಡೆ ಫ್ಲೋರೈಡ್ ಕೂಡ ಇದೆ. ಹಾಗಾಗಿ ಕುಡಿಯಲು ಕ್ಯಾನು, ಬಳಸಲು ಬೋರು, ಬೇಸಿಗೆಗೆ ಟ್ಯಾಂಕರ್. ಮನೆಗೆ ಮೂರು ಥರದ ನೀರು, ಮೂರು ಥರದ ಖರ್ಚು.

ನಗರಗಳಿಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಸರ್ಕಾರಿ ಮಾನದಂಡ ಇದೆ. ಐದು ಜನರ ಮನೆಗೆ 675 ಲೀಟರ್. ಹತ್ತು ದಿನಕ್ಕೊಮ್ಮೆ ನೀರು ಬಂದರೆ 6,750 ಲೀಟರ್ ತುಂಬಿಸಿಡಬೇಕು. ಸಂಪು, ಮೇಲೊಂದು ಟ್ಯಾಂಕು, ಎತ್ತಲು ಮೋಟಾರು, ಇಷ್ಟೂ ಇದ್ದವರಿಗೆ ಮಾತ್ರ ಇದು ಸಾಧ್ಯ. ಇಲ್ಲದವರು ಡ್ರಮ್ಮು, ಕೊಡ, ಬಕೆಟ್ಟು ಸಾಲಾಗಿ ಇಡುತ್ತಾರೆ. ಊರು ಒಂದು ದೊಡ್ಡ ಟ್ಯಾಂಕ್ ಕಟ್ಟುವ ಬದಲು ಪ್ರತಿ ಮನೆಯಿಂದಲೂ ಒಂದೊಂದು ಸಣ್ಣ ಟ್ಯಾಂಕ್ ಕಟ್ಟಿಸುತ್ತಿದೆ. ಆ ಖರ್ಚು ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ, ಅಷ್ಟೇ.

ಎದ್ದಿರುವ ರಾತ್ರಿಗಳ ಲೆಕ್ಕವೂ ಎಲ್ಲೂ ಇಲ್ಲ. ನೀರು ಬಿಡುವ ಹೊತ್ತು ಗೊತ್ತಿಲ್ಲದ ಮನೆಯಲ್ಲಿ ಯಾರೋ ಒಬ್ಬರು ಎಚ್ಚರ ಇರಬೇಕು. ಹತ್ತರಲ್ಲಿ ಒಂಬತ್ತು ಸಲ ಅದು ಮನೆಯ ಹೆಂಗಸು. ‘ಎರಡು ಗಂಟೆಗೆ ಬಿಟ್ರು, ನಾಲ್ಕಕ್ಕೆ ನಿಲ್ಸಿದ್ರು, ಮತ್ತೆ ಮಲಗಿದ್ರೆ ಮಕ್ಕಳ ಟಿಫಿನ್ ಆಗಲ್ಲ’ ಅಂತ ನಮ್ಮ ಎದುರು ಮನೆ ಅಕ್ಕ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅವರು ಅದೇ ದಿನ ಎಂಟಕ್ಕೆ ಕೆಲಸಕ್ಕೆ ಹೊರಡುತ್ತಾರೆ.

ಬಿಟ್ಟು ಬಿಟ್ಟು ನೀರು ಕೊಡುವುದರಲ್ಲಿ ಅಪಾಯವೂ ಇದೆ. ಪೈಪಿನಲ್ಲಿ ಸದಾ ಒತ್ತಡ ಇದ್ದರೆ ಸಣ್ಣ ತೂತಿನಿಂದ ನೀರು ಹೊರಗೆ ಹೋಗುತ್ತದೆ, ಹೊರಗಿನದ್ದು ಒಳಗೆ ಬರುವುದಿಲ್ಲ. ಪೈಪು ದಿನಗಟ್ಟಲೆ ಖಾಲಿ ಬಿದ್ದಾಗ ಅಕ್ಕಪಕ್ಕದ ಚರಂಡಿಯ ನೀರು ಅದೇ ತೂತಿನಿಂದ ಒಳಗೆ ಇಳಿಯುತ್ತದೆ. ನೀರು ಬಿಟ್ಟಾಗ ಮೊದಲ ಎರಡು ಕೊಡ ಕಂದು ಬಣ್ಣ ಇರುವುದಕ್ಕೆ ಇದೂ ಒಂದು ಕಾರಣ. 2022ರಲ್ಲಿ ಪಕ್ಕದ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದ್ದು, ಪ್ರಾಣ ಕಳೆದುಕೊಂಡದ್ದು ನಾವು ಮರೆಯುವಂಥದ್ದಲ್ಲ. ಕೃಷ್ಣಾ, ತುಂಗಭದ್ರಾ ಎರಡೂ ಹರಿಯುವ ಜಿಲ್ಲೆಯ ಕೇಂದ್ರ ಅದು. ದಿನದ 24 ಗಂಟೆಯೂ ನೀರು ಕೊಡುವುದು ಈ ರಾಜ್ಯದಲ್ಲಿ ಆಗದ ಮಾತೇನಲ್ಲ. 2008ರ ಹೊತ್ತಿಗೇ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಭಾಗಗಳಲ್ಲಿ ಅದನ್ನು ಮಾಡಿ ತೋರಿಸಿದ್ದಾರೆ.

ಖಾಲಿ ಸೈಟುಗಳ ಬಗ್ಗೆ ಎರಡು ಮಾತು. ನಮ್ಮ ಬೀದಿಯಲ್ಲಿ 22 ಸೈಟು ಇವೆ. ಮನೆ ಇರುವುದು ಒಂಬತ್ತು. ಉಳಿದವರು ರೇಟು ಏರಲಿ ಅಂತ ಕಾಯುತ್ತಿದ್ದಾರೆ. ಅವರನ್ನು ಬೈಯುವುದಿಲ್ಲ, ದುಡ್ಡು ಇಡಲು ಜನರಿಗೆ ಭೂಮಿಯಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇಲ್ಲ. ಆದರೆ ಆ ಹದಿಮೂರು ಸೈಟಿನಲ್ಲಿ ಬಳ್ಳಾರಿ ಜಾಲಿ ಬೆಳೆದು ನಿಂತಿದೆ. ಅಮೆರಿಕದ ಕಡೆಯಿಂದ ಬಂದ ಗಿಡ, ಹೆಸರು ಮಾತ್ರ ನಮ್ಮ ಊರಿನದ್ದು. ಬುಡದಲ್ಲಿ ಕಸ, ಕಸಕ್ಕೆ ಹಂದಿ, ಸಂಜೆಯಾದರೆ ಹಾವಿನ ಭಯ. ಒಂಬತ್ತು ಮನೆಗೆ 22 ಮನೆಯಷ್ಟು ಉದ್ದದ ಪೈಪು, ದೀಪ, ರಸ್ತೆ ಬೇಕು. ತಲೆಗೆ ಬೀಳುವ ಖರ್ಚು ಜಾಸ್ತಿ, ಕೇಳುವ ದನಿ ಕಡಿಮೆ. ಪಾರ್ಕಿಗೆ ಬಿಟ್ಟ ಜಾಗದಲ್ಲೂ ಜಾಲಿಯೇ. 40 ಡಿಗ್ರಿ ದಾಟುವ ಊರಲ್ಲಿ ನೆರಳಿಗೆ ಒಂದು ಬೇವಿನ ಗಿಡ ಇಲ್ಲ.

ದುಡ್ಡಿಲ್ಲದ ಊರಾಗಿದ್ದರೆ ಸುಮ್ನೆ ಇರುತ್ತಿದ್ದೆವೇನೋ. ಬಳ್ಳಾರಿ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಗೆ ಸೇರಿದ ಜಿಲ್ಲೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಇದೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿ ಕಂಪನಿಗಳು ಹಣ ಕಟ್ಟುತ್ತಿವೆ. ಗಣಿಯಿಂದ ಹಾಳಾದ ಪ್ರದೇಶ ಸರಿಪಡಿಸಲು ಸುಪ್ರೀಂ ಕೋರ್ಟ್ ನಿಗಾದಲ್ಲಿ ಕೂಡಿಟ್ಟ ಹಣ ಬೇರೆ. ಆದರೆ ಯಾವುದೇ ಸಾರ್ವಜನಿಕ ಹಣ ಖರ್ಚು ಮಾಡಲು ಆ ರಸ್ತೆ ಸಾರ್ವಜನಿಕರದ್ದು ಅಂತ ಕಾಗದದಲ್ಲಿ ಇರಬೇಕು. ಹಸ್ತಾಂತರ ಆಗದ ರಸ್ತೆ ಕಾಗದದಲ್ಲಿ ಖಾಸಗಿ. ದುಡ್ಡು ಒಂದು ಕಡೆ, ಕೆಟ್ಟ ರಸ್ತೆ ಇನ್ನೊಂದು ಕಡೆ, ನಡುವೆ ಒಂದು ಸಹಿ ಇಲ್ಲ.

ಇತ್ತೀಚೆಗೆ ಎಲ್ಲರ ಬಾಯಲ್ಲೂ ಖಾತಾ ಮಾತು. ನಗರಗಳಲ್ಲಿ ನೋಂದಣಿಗೆ 2024ರಿಂದ ಇ-ಖಾತಾ ಕಡ್ಡಾಯ ಆಯಿತು. 2025ರ ಆರಂಭದಲ್ಲಿ ಸರ್ಕಾರ ಅನಧಿಕೃತ ಬಡಾವಣೆಯ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ಶುರು ಮಾಡಿತು. ಕಚೇರಿಗಳ ಮುಂದೆ ಸಾಲು ನಿಂತಿತು. ಇದು ಒಳ್ಳೆಯದೇ. ಮನೆಗೆ ಒಂದು ನಂಬರ್ ಬರುತ್ತದೆ, ತೆರಿಗೆ ಕಟ್ಟಬಹುದು, ಮೋಸದ ಮಾರಾಟ ಕಡಿಮೆ ಆಗಬಹುದು. ಆದರೆ ಖಾತಾ ಬರುವುದು ಮನೆಗೆ, ಸೈಟಿಗೆ. ರಸ್ತೆಗೆ ಖಾತಾ ಇಲ್ಲ. ಬಿ-ಖಾತಾ ಕೈಗೆ ಬಂದರೆ ರಸ್ತೆ, ನೀರು ತಾನಾಗೇ ಬರುತ್ತದೆ ಅಂತ ನಂಬಿದವರು ಬಹಳ ಜನ ಇದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕು. ತೆರಿಗೆ ತೆಗೆದುಕೊಳ್ಳುವ ಸಂಸ್ಥೆ ಆ ತೆರಿಗೆ ಕಟ್ಟುವವರ ಬೀದಿಯನ್ನು ತನ್ನದು ಅಂತ ಯಾವಾಗ ಒಪ್ಪಿಕೊಳ್ಳುತ್ತದೆ, ಅದಕ್ಕೂ ಒಂದು ತಾರೀಖು ಬೇಕು ಅಂತ ಕೇಳುವುದರಲ್ಲಿ ತಪ್ಪಿಲ್ಲ.

ನಾವು ಈಗ ಕೇಳಬಹುದಾದ ಜಾಗಗಳು ಕೆಲವಿವೆ. ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸುವ 2016ರ ರೇರಾ ಕಾಯ್ದೆ ಫ್ಲ್ಯಾಟಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. 500 ಚದರ ಮೀಟರ್ ಮೀರಿದ ಲೇಔಟಿಗೂ ಅದು ಅನ್ವಯ. ಕೊಳ್ಳುವವರಿಂದ ಬಂದ ದುಡ್ಡಿನಲ್ಲಿ ಶೇ 70ರಷ್ಟನ್ನು ಅದೇ ಕೆಲಸಕ್ಕೆ ಬೇರೆ ಖಾತೆಯಲ್ಲಿ ಇಡಬೇಕು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕೆಲಸದಲ್ಲಿ, ಸೌಲಭ್ಯದಲ್ಲಿ ದೋಷ ಕಂಡರೆ ಮಾಡಿದವರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಐದು ವರ್ಷ ಅಂದರೆ ನಮ್ಮ ಎರೆ ಮಣ್ಣಿಗೆ ಐದು ಮಳೆಗಾಲ, ರಸ್ತೆಯ ಬಣ್ಣ ಬಯಲಾಗಲು ಅಷ್ಟು ಸಾಕು. ಸೈಟು ಕೊಳ್ಳುವ ಮೊದಲು ರೇರಾ ನಂಬರ್ ಕೇಳಿ, ಸೈಟು ಬಿಡುಗಡೆ ಪತ್ರ ಕೇಳಿ. ಒಂದು ಮಳೆ ಆದ ಮರುದಿನ ಹೋಗಿ ಸೈಟು ನೋಡಿ. ಬೇಸಿಗೆಯಲ್ಲಿ ನೋಡಿದ ಸೈಟು ಅರ್ಧ ಸತ್ಯ ಮಾತ್ರ ಹೇಳುತ್ತದೆ.

ಈಗಾಗಲೇ ಮನೆ ಕಟ್ಟಿದವರಿಗೆ ಮಾಹಿತಿ ಹಕ್ಕು ಇದೆ. ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಹಾಗಾಗಿ ಸಿಟ್ಟನ್ನೆಲ್ಲಾ ಬರೆಯಬೇಡಿ. ನಮ್ಮ ಬಡಾವಣೆಯ ಒಪ್ಪಿಗೆ ನಕ್ಷೆಯ ಪ್ರತಿ, ಯಾವ ತಾರೀಖಿಗೆ ಎಷ್ಟು ಸೈಟು ಬಿಡುಗಡೆ ಆಯಿತು, ಅವತ್ತು ಕೆಲಸ ಎಷ್ಟು ಮುಗಿದಿತ್ತು ಅನ್ನುವ ತಪಾಸಣಾ ವರದಿ, ಇಷ್ಟೇ ಕೇಳಿ. ಮೂರನೆಯದ್ದೇ ಜೀವಾಳ. ಕೆಲಸ ಮುಗಿಯದೆ ಬಿಡುಗಡೆ ಆಗಿದ್ದರೆ ಸಹಿ ಮಾಡಿದವರ ಹೆಸರು ಆ ಹಾಳೆಯಲ್ಲಿರುತ್ತದೆ.

ವಾರ್ಡ್ ಸಮಿತಿಯೂ ಇದೆ. 3 ಲಕ್ಷ ಜನಸಂಖ್ಯೆ ದಾಟಿದ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳಿದೆ. ಅದು ಜಾರಿಗೆ ಬಂದದ್ದು 1993ರಲ್ಲಿ. ಬಳ್ಳಾರಿಯಲ್ಲಿ 39 ವಾರ್ಡ್ ಇವೆ. ನಿಮ್ಮ ವಾರ್ಡ್ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಗೆ ಸೇರಿದ್ದು ಯಾವತ್ತು ಅಂತ ಒಮ್ಮೆ ಕೇಳಿ ನೋಡಿ.

ನಾನು ಹೇಳುವ ಮುಖ್ಯ ಮಾತು ಇಷ್ಟೇ: ಮಣ್ಣಿನ ಕೆಳಗಿನ ಕೆಲಸ ಮುಗಿದದ್ದನ್ನು ಸ್ಥಳೀಯ ಸಂಸ್ಥೆಯ ಎಂಜಿನಿಯರ್ ಬಂದು ನೋಡುವ ತನಕ ಕೊನೆಯ ಕಂತಿನ ಸೈಟು ಬಿಡುಗಡೆ ಆಗಬಾರದು. ಬಿಡುಗಡೆ ಆದ ದಿನವೇ ಹಸ್ತಾಂತರವೂ ಆಗಬೇಕು. ಎರಡರ ನಡುವೆ ಒಂದು ದಿನವೂ ಖಾಲಿ ಇರಬಾರದು. ಇದಕ್ಕೆ ಹೊಸ ಅನುದಾನ ಬೇಡ, ಎರಡು ಕಚೇರಿಗಳು ಒಂದು ಮೇಜಿನ ಮೇಲೆ ಕೂತು ಸಹಿ ಹಾಕಿದರೆ ಸಾಕು.

ನಮ್ಮ ಬೀದಿಯವರು ಕಳೆದ ತಿಂಗಳು ಕಂದಾಯ ಇಲಾಖೆಯ ಜಾಲತಾಣದಿಂದ ಹಳೆಯ ಗ್ರಾಮ ನಕ್ಷೆ ಇಳಿಸಿಕೊಂಡೆವು. ಸರ್ವೆ ನಂಬರುಗಳ ನಡುವೆ ಹಳ್ಳದ ಎರಡು ಗೆರೆ ಸೊಟ್ಟಗೆ ಸಾಗುತ್ತವೆ. ಅದರ ಮೇಲೆ ಬಡಾವಣೆಯ ನಕ್ಷೆ ಇಟ್ಟು ನೋಡಿದಾಗ ಆ ಗೆರೆಗಳು ನಾಲ್ಕನೇ ಕ್ರಾಸ್ ಮೇಲೇ ಬಂದವು. ಅಜ್ಜನಿಗೆ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು, ‘ಇಲ್ಲೊಂದು ಹುಣಸೆ ಮರ ಇತ್ತು’ ಅಂದರು. ಎರಡೂ ನಕ್ಷೆಯ ಜೆರಾಕ್ಸ್ ಅರ್ಜಿಗೆ ಲಗತ್ತಿಸಿ, ಒಂಬತ್ತು ಮನೆಯವರೂ ಸಹಿ ಹಾಕಿ ಕೊಟ್ಟಿದ್ದೇವೆ. ದೀಪದ ಅರ್ಜಿಯೂ ಅದರ ಜೊತೆಗೇ ಇದೆ.